ಶಾವಿಗೆ ಮಣೆಯ ಮೇಲಿನ ಕೈ

ಎರಡು ಸಾವಿರದ ಒಂಬತ್ತನೆಯ ಇಸವಿ, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಹೊಳಲ್ಕೆರೆಯ ನನ್ನ ತಮ್ಮನ ಮನೆಯ ಮಾಳಿಗೆ. ಹಾಜರಿದ್ದವರು ನಾನು, ನನ್ನ ತಮ್ಮನ ಹೆಂಡತಿ, ನಮ್ಮಲ್ಲಿ ಶಾವಿಗೆ ಹೊಸೆಯುವ ಹೆಂಗಸು ಮತ್ತು ದಾವಣಗೆರೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ಗಂಡಸು.

ಬಂದವನ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಕೆಳಗಿಡಿ ಎಂದರೂ ಇಡಲಿಲ್ಲ. ಅವನು ಶಾವಿಗೆ ಕೊಳ್ಳಲು ಬಂದವನಲ್ಲ. ಅಂತರ್ಜಾಲಕ್ಕೆ ನಾವು ಹಾಕಿದ್ದ ವಿಡಿಯೊದಲ್ಲಿ ಕಂಡ ಒಂದು ಜೊತೆ ಕೈ ನೋಡಲು ಬಂದಿದ್ದ. ಅದು ತನ್ನ ಅಕ್ಕನ ಕೈ, ಆಕೆ ಇನ್ನೂ ಬದುಕಿದ್ದಾಳೆ ಎಂದು ನಂಬಿ ಬಂದಿದ್ದ. ಅಕ್ಕ ಮನೆ ಬಿಟ್ಟು ಹೋದಾಗ ಅವನು ಒಂದನೇ ಕ್ಲಾಸಿನಲ್ಲಿದ್ದನಂತೆ. ಈಗ ಮೀಸೆ ನರೆತಿತ್ತು.

ಅವನು ಬರುವ ಮೊದಲು ನಡೆದದ್ದನ್ನು ಕ್ರಮವಾಗಿ ಹೇಳಿಬಿಡುತ್ತೇನೆ.

ನಾನು ಓದಿದ್ದು ಆಶ್ರಮ ಶಾಲೆಯಲ್ಲಿ. ಬೆಳಗಿನ ಗಂಟೆಗೆ ಚಾಪೆ ಸುತ್ತದವರಿಗೆ ಅಲ್ಲಿ ತಿಂಡಿ ಇರುತ್ತಿರಲಿಲ್ಲ. ಮುಂದೆ ಚಿತ್ರದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆದೆ, ಗಂಟೆ ಹೊಡೆಸುವ ಕೆಲಸ ನನ್ನದಾಯಿತು. ನಿವೃತ್ತಿಯಾಗಿ ಹೊಳಲ್ಕೆರೆಗೆ ಬಂದಾಗ ನನ್ನ ತಮ್ಮ ಹಿರಿಯೂರಿನಲ್ಲಿ ನೌಕರಿಯಲ್ಲಿದ್ದ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಅವನ ಹೆಂಡತಿ ಮನೆಯಲ್ಲೇ ಶಾವಿಗೆ, ಹಪ್ಪಳ, ಸಂಡಿಗೆ ಮಾಡಿಸಿ ಮಾರುತ್ತಿದ್ದಳು. ಅವಳಿಗೆ ಮಾತು ಬರುತ್ತಿತ್ತು, ವೇಳೆ ಬರುತ್ತಿರಲಿಲ್ಲ. ವೇಳೆಯ ಭಾರ ನಾನು ಹೊತ್ತೆ. ಕೆಲಸಕ್ಕೆ ಮೊದಲು ತಲೆಗೆ ಬಟ್ಟೆ, ಕಾಲು ತೊಳೆಯುವುದು, ಆಮೇಲೆ ಉಗುರು ತನಿಖೆ. ಹಾಸ್ಟೆಲಿನಲ್ಲಿ ಕಜ್ಜಿ ನೋಡುತ್ತಿದ್ದ ಹಾಗೆಯೇ ಇಲ್ಲಿಯೂ ನೋಡುತ್ತಿದ್ದೆ. ಅಂಗೈ ಚಾಚಬೇಕು, ತಿರುಗಿಸಬೇಕು, ಬೆರಳು ಅಗಲಿಸಬೇಕು, ಮುಷ್ಟಿ ಹಿಡಿದು ಬಿಡಬೇಕು.

"ಸಾವ್ಕಾರ್ತಿಗಿಂತ ಮೇಡಮ್ಮಾರ ಕಾಟಾನೇ ಜಾಸ್ತಿ" ಎಂದು ಶಾವಿಗೆ ಹೊಸೆಯುವವಳು ನಗುತ್ತ ಕೈ ಚಾಚುತ್ತಿದ್ದಳು.

ಅವಳಿಗೆ ನಲವತ್ತರ ಆಸುಪಾಸು. ಮದಕರಿಪುರದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು ಹೊಳಲ್ಕೆರೆಗೆ ಮದುವೆಯಾಗಿ ಬಂದವಳು. ಗಂಡ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಶಾವಿಗೆ ಮಣೆ ನೋಡದವರಿಗಾಗಿ ಒಂದು ಮಾತು. ಅದು ಸಣ್ಣ ಗೀರುಗಳಿರುವ ಉದ್ದನೆಯ ಹಲಗೆ. ಒಂದು ತುದಿಯನ್ನು ಎತ್ತರದಲ್ಲಿಟ್ಟು ಅದರ ಮೇಲೆ ಒಬ್ಬರು ಕೂತು, ನಾದಿದ ಗೋಧಿ ಹಿಟ್ಟನ್ನು ಅಂಗೈಯಿಂದ ಉಜ್ಜುತ್ತಾರೆ. ಕೆಳಗಿನ ತುದಿಯಿಂದ ಎಳೆಗಳು ಇಳಿಯುತ್ತವೆ. ಕೆಳಗೆ ಕೂತವರು ಅದನ್ನು ಹಿಡಿದು ಕೋಲಿಗೆ ಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಮೇಲೆ ಕೂರುತ್ತಿದ್ದವಳು ಇವಳು, ಕೆಳಗೆ ನನ್ನ ತಮ್ಮನ ಹೆಂಡತಿ. ಎಳೆ ಕೂದಲಿನಷ್ಟು ಸಣ್ಣಗೆ ಬರುತ್ತಿತ್ತು. ಯಾರಿಂದ ಕಲಿತೆ ಎಂದು ಕೇಳಿದರೆ, "ಯಾರ್ ಕಲಿಸ್ತಾರ್ರಿ? ಕೈಗೆ ತಾನಾಗೇ ಬಂದೈತೆ" ಎನ್ನುತ್ತಿದ್ದಳು.

ಅಷ್ಟರಲ್ಲಿ ಪೇಟೆಗೆ ಮಿಷನ್ ಶಾವಿಗೆಯ ಪೊಟ್ಟಣಗಳು ಬಂದಿದ್ದವು. ಅಂಗಡಿಯವರು ಎರಡನ್ನೂ ಒಂದೇ ಡಬ್ಬಿಗೆ ಸುರಿದು ಮಾರತೊಡಗಿದರು. ಕೈ ಶಾವಿಗೆ ಯಾವುದು ಎಂದು ತೋರಿಸದೆ ನಮಗೆ ಉಳಿಗಾಲವಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಒಬ್ಬ ಸೈಬರ್ ಸೆಂಟರ್ ಇಟ್ಟಿದ್ದ, ಮದುವೆಗಳಿಗೆ ವಿಡಿಯೊ ತೆಗೆಯುತ್ತಲೂ ಇದ್ದ. ನನ್ನ ತಮ್ಮನ ಹೆಂಡತಿಗೆ ಅವನೇ ತಲೆ ಕೆಡಿಸಿದ.

"ಅಕ್ಕಾ, ಊರೂರಿಗೆ ಹೋಗಿ ತೋರಿಸೋಕಾಗ್ತೈತಾ? ಒಂದು ವಿಡಿಯೊ ತಗ್ದು ಇಂಟರ್ನೆಟ್ಟಿಗೆ ಹಾಕಾಣ. ದುಬೈಯಾಗಿರೋರೂ ನಿಮ್ ಮಾಳಿಗೆ ಮ್ಯಾಲೆ ಕುಂತಂಗೆ ನೋಡ್ತಾರೆ."

"ನೋಡಿ ಹೋಗ್ತಾರೆ. ಕೊಳ್ಳಬೇಕಲ್ಲಪ್ಪ" ಎಂದೆ ನಾನು.

"ಕೆಳಗೆ ಫೋನ್ ನಂಬರ್ ಹಾಕಾಣ ಮೇಡಂ."

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಕ್ಯಾಮೆರಾ ತಂದ. ಹೊಸೆಯುವವಳು ಸೆರಗನ್ನು ಮುಖದ ತುಂಬ ಎಳೆದುಕೊಂಡಳು.

"ಮುಖ ಬ್ಯಾಡ್ರಿ ಅಣ್ಣಾರೆ. ನಮ್ಮತ್ತೆ ನೋಡಿದ್ರೆ, ಸೊಸಿ ಸಿನಿಮಾ ಸೇರ್ಕಂಡ್ಲು ಅಂತ ಓಣಿಗೆಲ್ಲ ಸಾರ್ತಾಳೆ."

"ಮುಖ ಇಲ್ದಿದ್ರೆ ಯಾರು ನೋಡ್ತಾರಮ್ಮ?"

"ಶಾವಿಗೆ ತಿನ್ನೋರು ನನ್ ಮುಖ ತಿಂತಾರೇನ್ರಿ? ಕೈ ಬೇಕಾದ್ರೆ ತಗೊಳ್ರಿ."

ಅವನು ಕೈ ಮಾತ್ರ ತೆಗೆದುಕೊಂಡ. ಕೆಳಗೆ ಕೂತು, ಹಿಡಿಯುವವರಿಗೆ ಕಾಣುವಂತೆ, ಬಿಸಿಲಿಗೆ ಎದುರಾಗಿ ತೆಗೆದ. ಮೊಣಕೈಯಿಂದ ಮೇಲೆ ಏನೂ ಇಲ್ಲ. ಹಿಂದೆ ಬರೀ ಬೆಳಕು. ಆ ಬೆಳಕಿನಿಂದ ಎರಡು ಕೈ ಇಳಿದು ಬಂದು, ಹಿಟ್ಟನ್ನು ಉಜ್ಜಿ, ಮತ್ತೆ ಬೆಳಕಿಗೆ ಹೋಗುತ್ತಿದ್ದವು. ಅವನು ಅದಕ್ಕೆ ಮದುವೆಯ ವಾದ್ಯ ಸೇರಿಸಿದ್ದ. ನಾನು ತೆಗೆಸಿದೆ. ಉಜ್ಜುವ ಸದ್ದು ಮಾತ್ರ ಉಳಿಯಿತು.

ಮೊದಲ ವಾರ ನೋಡಿದವರು ನಾವೇ. ಆಮೇಲೆ ನನ್ನ ತಮ್ಮನ ಹೆಂಡತಿ ಗೆಳೆಯರನ್ನು ಕೂಡಿಸುವ ಇನ್ನೊಂದು ತಾಣಕ್ಕೆ ಸೇರಿದಳು. ಅಲ್ಲಿ ಚಿತ್ರದುರ್ಗ, ಹೊಸದುರ್ಗದ ಕಡೆಯಿಂದ ಬೇರೆ ಊರುಗಳಿಗೆ ಹೋಗಿ ನೆಲೆಸಿದವರ ಗುಂಪೊಂದನ್ನು ಹುಡುಕಿ, ವಿಡಿಯೊದ ಕೊಂಡಿಯನ್ನು ಅಂಟಿಸಿ, "ನಿಮ್ಮ ಅಜ್ಜಿಯ ಮನೆಯ ಶಾವಿಗೆ ನೆನಪಿದೆಯೇ?" ಎಂದು ಬರೆಸಿದಳು. ಅಜ್ಜಿ ಎಂಬ ಪದಕ್ಕೆ ಅಂಥ ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಪುಣೆಯಿಂದ, ಬೆಂಗಳೂರಿನಿಂದ ಫೋನ್ ಬಂದವು. ಪೊಟ್ಟಣ ಕಟ್ಟಿ ಬಸ್ಸಿಗೆ ಹಾಕಿ ಕಳಿಸತೊಡಗಿದೆವು. ಸಂಜೆಯಾದರೆ ಅವಳು ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದಳು.

"ಅತ್ತಿಗೆ, ನಡೀರಿ, ಇವತ್ತಿನ ಹಾಜರಿ ನೋಡ್ಕಂಡು ಬರಾಣ."

ಹಾಜರಿ ಎಂದರೆ ಎಷ್ಟು ಜನ ನೋಡಿದರು ಎಂದು ವಿಡಿಯೊದ ಕೆಳಗೆ ತೋರಿಸುವ ಅಂಕಿ. ಅದು ದಿನದಿನವೂ ಏರುತ್ತಿತ್ತು. ಅವಳಿಗೆ ಸಂತೋಷ. ನನಗೆ ಮಾತ್ರ ಅದು ಸರಿಬರಲಿಲ್ಲ. ಮಣೆ ಒರೆಸಿ ಗೋಡೆಗೆ ಒರಗಿಸಿದರೆ ಆ ದಿನದ ಕೆಲಸ ಮುಗಿಯಿತು ಎಂದು ತಿಳಿದವಳು ನಾನು. ಇಲ್ಲಿ ಮಣೆ ಒಣಗುತ್ತಿದ್ದಾಗಲೂ, ಹೊಸೆದವಳು ಮನೆಗೆ ಹೋಗಿ ಮುದ್ದೆ ತಿರುವುತ್ತಿದ್ದಾಗಲೂ, ನಾವು ಕಾಣದ ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಆ ಕೈ ಉಜ್ಜುತ್ತಲೇ ಇರುತ್ತಿತ್ತು. ಅದನ್ನು ನಿಲ್ಲಿಸಿ ಮನೆಗೆ ಕಳಿಸುವವರು ಯಾರೂ ಇರಲಿಲ್ಲ.

ಒಂದು ಸಂಜೆ ವಿಡಿಯೊದ ಕೆಳಗೆ ಹೊಸದಾಗಿ ಒಂದು ಸಾಲು ಬಂದಿತ್ತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. 'ಆ ಕೈ ಯಾರದು?'

ಮರುದಿನವೂ ಅದೇ ಸಾಲು, ಅದೇ ಹೆಸರಿನಲ್ಲಿ. ಅದರ ಮರುದಿನವೂ.

"ಮೇಡಂ, ಶಾವಿಗೆ ಬಿಟ್ಟು ಕೈಗೇ ಗಿರಾಕಿ ಬಂದಂಗೈತೆ" ಎಂದ ಸೈಬರಿನವನು.

"ಬಾಯಿ ಮುಚ್ಕಳಪ್ಪ ನೀನು. ಅತ್ತಿಗೆ, ತಗ್ಸಿಬಿಡಾಣ ಇದನ್ನ. ಯಾವನೋ ಏನೋ."

"ತಗ್ದ್ರೆ ಗಿರಾಕಿನೂ ಹೋಗ್ತಾರಕ್ಕಾ."

ತೆಗೆಸಲಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ಪ್ರಶ್ನೆ ಉದ್ದವಾಯಿತು. 'ಎಡಗೈ ಕಿರುಬೆರಳು ಮಡಚಲ್ಲ ಅಲ್ವಾ. ಕೋಲು ತುಂಬಿದ ಮೇಲೆ ಕಡೇ ಎಳೆ ಬೆರಳಿಗೆ ಸುತ್ತಿ ಉಂಗುರ ಮಾಡಿ ಮಣೆ ಮೂಲೇಲಿ ಇಡ್ತಾಳೆ. ನಮ್ಮ ಮನೇಲಿ ಬಿಟ್ರೆ ಎಲ್ಲೂ ಹಂಗೆ ಮಾಡಲ್ಲ. ಆ ಕೈ ಯಾರದು?'

ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿಸಿದೆ. ಅಷ್ಟು ಸಲ ನೋಡಿದ್ದರೂ ನಾನು ನೋಡಿದ್ದು ಎಳೆಯನ್ನು, ಉಗುರನ್ನು, ಶುಚಿಯನ್ನು. ಈಗ ಬೆರಳು ನೋಡಿದೆ. ಎಡಗೈ ಹಿಟ್ಟನ್ನು ಒತ್ತಿ ಹಿಡಿಯುವಾಗ ನಾಲ್ಕು ಬೆರಳು ಬಾಗುತ್ತಿದ್ದವು. ಕಿರುಬೆರಳು ಕಡ್ಡಿಯ ಹಾಗೆ ನೆಟ್ಟಗಿತ್ತು. ಹಿಟ್ಟು ತೆಗೆದುಕೊಳ್ಳುವಾಗಲೂ ನೆಟ್ಟಗೆ, ನೀರು ಚಿಮುಕಿಸುವಾಗಲೂ ನೆಟ್ಟಗೆ. ಕೋಲು ತುಂಬಿತು. ಕೈ ಒಂದು ಕ್ಷಣ ನಿಂತು, ಉಳಿದ ಎಳೆಯನ್ನು ಬೆರಳಿಗೆ ಸುತ್ತಿ, ಕಳಚಿ, ಮಣೆಯ ಮೂಲೆಯಲ್ಲಿ ಇಟ್ಟಿತು. ಒಂದು ಪುಟ್ಟ ಉಂಗುರ. ಸಂಜೆ ಗುಬ್ಬಚ್ಚಿಗಳು ಕುಕ್ಕಿ ತಿನ್ನುವ ಚೂರು ಅದೇ ಎಂದು ಆಗ ತಿಳಿಯಿತು. ನಾವು ಅದನ್ನು ಮಿಕ್ಕ ಹಿಟ್ಟು ಎಂದುಕೊಂಡಿದ್ದೆವು.

ಆ ಹೆಂಗಸಿನ ಕಿರುಬೆರಳು ಮಡಚುತ್ತದೆ. ಪ್ರತಿದಿನ ಬೆಳಿಗ್ಗೆ ನನ್ನ ಕಣ್ಣೆದುರಿಗೆ ಮುಷ್ಟಿ ಹಿಡಿದು ಬಿಡುತ್ತಾಳೆ. ಹಾಗಾದರೆ ಪರದೆಯ ಮೇಲೆ ಇದ್ದದ್ದು ಯಾರ ಕೈ?

ಮರುದಿನ ಉಗುರು ತನಿಖೆಯಲ್ಲಿ ಅವಳ ಎಡಗೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದೆ. ಐದು ಬೆರಳೂ ಸಲೀಸಾಗಿ ಮಡಚಿದವು. ಮಣೆ ಏರಿದಳು. ಮೊದಲ ಹಿಡಿ ಹಿಟ್ಟು ಮುಟ್ಟಿದ ಕೂಡಲೇ, ಯಾರೋ ಒಳಗಿನಿಂದ ಕಡ್ಡಿ ತೂರಿಸಿದ ಹಾಗೆ ಕಿರುಬೆರಳು ನೆಟ್ಟಗಾಯಿತು. ಚಹಾದ ಹೊತ್ತಿಗೆ ಇಳಿದು ಬಂದು ಲೋಟ ಹಿಡಿದಾಗ ಬೆರಳು ಮತ್ತೆ ಬಾಗಿ ಲೋಟಕ್ಕೆ ಸುತ್ತಿಕೊಂಡಿತು. ಚಹಾ ಕುಡಿದು ಮಣೆ ಏರಿದಳು, ನೆಟ್ಟಗಾಯಿತು. ಅವಳಿಗೆ ಇದಾವುದೂ ತಿಳಿದಿರಲಿಲ್ಲ. ಮಗಳ ಶಾಲೆಯ ವಿಷಯ ಹೇಳುತ್ತ ಉಜ್ಜುತ್ತಲೇ ಇದ್ದಳು.

ಅಡುಗೆಮನೆಗೆ ಕರೆದು ತಮ್ಮನ ಹೆಂಡತಿಗೆ ಹೇಳಿದೆ.

"ದಿನಾ ಕೆಳಗೆ ಕೂರ್ತೀಯ. ನಿನಗೆ ಕಾಣಲಿಲ್ಲವೇ?"

"ಎಳೆ ಮ್ಯಾಲೆ ಕಣ್ಣಿಡ್ಲೋ ಬೆರಳ ಮ್ಯಾಲೆ ಇಡ್ಲೋ? ಅತ್ತಿಗೆ, ಆಕಿಗೆ ಹೇಳ್ಬ್ಯಾಡ್ರಿ. ಹೆದ್ರಿಕಂತಾಳೆ."

ಮಧ್ಯಾಹ್ನದ ಊಟದೊಳಗೆ ಅವಳೇ ಹೇಳಿಬಿಟ್ಟಿದ್ದಳು. ಹೊಸೆಯುವವಳು ನಂಬಲಿಲ್ಲ, ನಕ್ಕಳು. ನಕ್ಕವಳನ್ನು ಸಂಜೆ ಸೈಬರಿಗೆ ಕರೆದುಕೊಂಡು ಹೋದೆವು. ತನ್ನ ವಿಡಿಯೊವನ್ನು ಅವಳು ನೋಡಿದ್ದು ಅದೇ ಮೊದಲು. ಕೈ ಇಳಿದು ಬಂತು, ಉಜ್ಜಿತು, ಉಂಗುರ ಸುತ್ತಿ ಇಟ್ಟಿತು. ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಇದು ನನ್ ಕೈ ಅಲ್ರಿ."

"ಏನೇ ಹಂಗಂದ್ರೆ, ಬಳೆ ನಿಂದೇ ಐತಲ್ಲೇ" ಎಂದಳು ತಮ್ಮನ ಹೆಂಡತಿ.

"ಬಳೆ ನಂದು. ಕೈ ನಂದಲ್ಲ."

ಮರುದಿನದಿಂದ ಅವಳು ಮಣೆ ಏರಲಿಲ್ಲ. ಕೆಲಸಕ್ಕೆ ಬರುತ್ತಿದ್ದಳು, ಹಪ್ಪಳ ಲಟ್ಟಿಸುತ್ತಿದ್ದಳು, ಮಣೆ ಇದ್ದ ಗೋಡೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಶಾವಿಗೆ ಕೇಳಿದವರಿಗೆ ಮುಂದಿನ ವಾರ ಎನ್ನುತ್ತ ಬಂದೆವು. ಅತ್ತ ವಿಡಿಯೊ ನೋಡುವವರು ಏರುತ್ತಲೇ ಇದ್ದರು. ಇಲ್ಲಿ ನಿಂತುಹೋದ ಕೆಲಸ ಅಲ್ಲಿ ನಡೆಯುತ್ತಲೇ ಇತ್ತು.

ಕೊನೆಗೆ ನಾನೇ ಹೇಳಿ ಉತ್ತರ ಬರೆಸಿದೆ. 'ಖುದ್ದಾಗಿ ಬಂದು ನೋಡಿ.' ಅಂದೇ ರಾತ್ರಿ ಅವನ ಫೋನ್ ಬಂತು. ಊರು ಹಿರೇಗುಂಟನೂರಿನ ಕಡೆ, ಈಗ ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಮಗಳು ಸೈಬರಿನಲ್ಲಿ ಏನೋ ಹುಡುಕುವಾಗ ಪಕ್ಕದಲ್ಲಿ ಕೂತಿದ್ದ ಇವನಿಗೆ ಆ ಕೈ ಕಂಡಿತ್ತು. ಪ್ರಶ್ನೆಗಳನ್ನು ಬರೆದವಳು ಮಗಳು. ಅವನ ಅಕ್ಕನನ್ನು ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿಕೊಟ್ಟಿದ್ದರಂತೆ. ಗಂಡನ ಮನೆಯಲ್ಲಿ ಬಾಳಲಾರದೆ ಒಂದು ಸಂಜೆ ತವರಿಗೆ ವಾಪಸು ಬಂದಳು. ಅಪ್ಪ ಬಾಗಿಲು ತೆಗೆಯಲಿಲ್ಲ. ಒಳಗೆ ಅವ್ವ ಅಳುತ್ತಿದ್ದಳು, ಇವನು ಅವ್ವನ ಮಡಿಲಲ್ಲಿದ್ದ. ಬಾಗಿಲು ಬಡಿಯುವ ಸದ್ದು ಬಹಳ ಹೊತ್ತು ಇತ್ತು. ಆಮೇಲೆ ನಿಂತಿತು.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಆ ವಾರ ತಮ್ಮ ಹಿರಿಯೂರಿನಿಂದ ಬಂದಿರಲಿಲ್ಲ.

"ಕುಂತ್ಕಳ್ರಿ ಅಣ್ಣಾರೆ" ಎಂದು ತಮ್ಮನ ಹೆಂಡತಿ ಚಾಪೆ ಹಾಸಿದಳು. ಅವನು ಕೂರದೆ ಹೊಸೆಯುವವಳನ್ನು ನೋಡಿದ. ನೋಡಿದ ಕೂಡಲೇ ಅವನ ಮುಖ ಇಳಿದುಹೋಯಿತು. ಅವನ ಅಕ್ಕನಾಗಿದ್ದರೆ ಅರವತ್ತರ ಹತ್ತಿರ ಇರಬೇಕಿತ್ತು. ಇವಳು ಅವನಿಗಿಂತ ಚಿಕ್ಕವಳು.

"ವಿಡಿಯೊದಾಗೆ ಇದ್ದೋರು ಇವ್ರೇನಾ?"

"ಇವಳೇ" ಎಂದೆ.

"ಸ್ವಲ್ಪ ಎಡಗೈ ತೋರಿಸ್ತೀಯೇನವ್ವಾ?"

ಅವಳು ಚಾಚಿದಳು. ಕಿರುಬೆರಳು ಮಡಚು ಎಂದ. ಮಡಚಿದಳು. ಅವನು ಬಟ್ಟೆಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

"ನಮ್ಮಕ್ಕಂದು ಸಣ್ಣೋಳಿದ್ದಾಗ ಕುಡುಗೋಲು ತಾಗಿ ನರ ಹೋಗಿತ್ತು. ಮಡಚ್ತಿರ್ಲಿಲ್ಲ. ಇವ್ರಲ್ಲ ಬಿಡ್ರಿ. ತಪ್ಪಾತು. ಬರ್ತೀನಿ."

"ಸ್ವಲ್ಪ ನಿಲ್ಲಿ" ಎಂದೆ. ಹೊಸೆಯುವವಳ ಕಡೆ ತಿರುಗಿ, "ಒಂದು ಹಿಡಿ ಹಿಟ್ಟು ಹೊಸೆದು ತೋರಿಸು" ಎಂದೆ.

"ಬ್ಯಾಡ್ರಿ ಮೇಡಮ್ಮಾರೆ. ಕುಂತ್ರೆ ಅದು ಬರ್ತೈತೆ."

"ಯಾವುದು?"

"ಆ ಕೈ."

ಅವನೇ ಮೆಲ್ಲಗೆ, "ಬಂದ್ರೆ ಬರ್ಲಿ ತಾಯಿ. ನಾನು ಅದನ್ನ ನೋಡಾಕೇ ಬಂದೀನಿ" ಎಂದ.

ಅವಳು ಅವನನ್ನು ಒಂದು ಗಳಿಗೆ ನೋಡಿ, ಎದ್ದು ಕೈ ತೊಳೆದು ಬಂದಳು. ನಾನು ಮಣೆ ತಂದು ಜೋಡಿಸಿದೆ. ಅವಳು ಎತ್ತರದ ತುದಿಯಲ್ಲಿ ಕೂತಳು, ಬೆನ್ನಿಗೆ ಬೆಳಗಿನ ಬಿಸಿಲು. ಯಾರೂ ಹೇಳದೆಯೇ ಅವನು ಚೀಲವನ್ನು ಪಕ್ಕಕ್ಕಿಟ್ಟು ಮಣೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಅಂಗೈ ಚಾಚಿದ. ಹಿಡಿಯುವುದನ್ನು ಬಲ್ಲವನ ಕೈ ಅದು. ಅವಳು ಹಿಟ್ಟು ಮುಟ್ಟಿದಳು. ಕಿರುಬೆರಳು ಎದ್ದು ನೆಟ್ಟಗೆ ನಿಂತಿತು.

ಎಳೆಗಳು ಇಳಿದವು, ಅವನು ಹಿಡಿದ, ಕೋಲಿಗೆ ಹಾಕಿದ. ಒಂದು ಎಳೆಯೂ ತುಂಡಾಗಲಿಲ್ಲ. ಕೋಲು ತುಂಬುತ್ತ ಬಂದಾಗ ಅವಳು ಕೆಳಗೆ ನೋಡಿ, ಉಜ್ಜುವುದನ್ನು ನಿಲ್ಲಿಸಿದಳು. ಮಾತು ಯಾರಿಗೆ ಎಂದು ತಿಳಿಯದ ಹಾಗೆ ಮಾತಾಡಿದಳು.

"ನಾನು ಅಲ್ಲಿ ಕೂರ್ತಿದ್ದೆ. ನೀವು ಕುಂತಿರೋ ಜಾಗದಾಗೆ."

"ಎಲ್ಲಿ?" ಎಂದೆ ನಾನು.

"ಹಿರಿಯೂರು. ನಾಲೆ ಪಕ್ಕ ಗುಡಿಸ್ಲಿದ್ವು. ನಮ್ಮವ್ವ ಕಬ್ಬಿನ ಕೂಲಿಗೆ ಹೋಗಾಳು. ನನ್ನನ್ನ ಪಕ್ಕದ ಗುಡಿಸ್ಲಾಕಿ ಹತ್ರ ಬಿಟ್ಟು ಹೋಗಾಳು. ಆಕಿ ಅವರಿವರ ಮನಿಗೆ ಶಾವಿಗೆ ಹೊಸೆಯೋಳು. ನಾನು ಕೆಳಗೆ ಕುಂತು ಹಿಡಿಯೋದು. ಆಕಿ ಹೆಸ್ರು ಏನೋ. ನಾನು ಚಿಗವ್ವ ಅಂತಿದ್ದೆ."

"ಹೆಂಗಿದ್ಲು?" ಅವನು ಮಣೆಯ ಕಡೆಗೆ ಬಾಗಿದ. "ಮುಖ ಹೆಂಗಿತ್ತು?"

"ಮುಖ ನೆನಪಿಲ್ರಿ. ಕೆಳಗೆ ಕುಂತು ನೋಡಿದ್ರೆ ಮುಖ ಕಾಣಲ್ಲ, ಬಿಸಿಲೇ ಕಾಣ್ತೈತೆ. ಕೈ ಮಾತ್ರ ಕಾಣ್ತೈತೆ. ನಿಮಗೆ ನೆನಪೈತಾ?"

ಅವನು ಕೋಲಿನ ಮೇಲಿನ ಎಳೆ ಸರಿಪಡಿಸಿದ.

"ಇಲ್ಲ. ನನಗೂ ಕೈ ಅಷ್ಟೇ."

ಇಬ್ಬರಿಗೂ ಗೊತ್ತಿದ್ದ ಒಬ್ಬಳು ಅಲ್ಲಿ ಅವರಿಬ್ಬರ ನಡುವೆ ಇದ್ದಳು, ಅವಳಿಗೆ ಮುಖವಿರಲಿಲ್ಲ. ನಮ್ಮ ವಿಡಿಯೊದ ಹಾಗೆಯೇ. ನನ್ನ ಪಕ್ಕ ನಿಂತಿದ್ದ ತಮ್ಮನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

ಹೊಸೆಯುವವಳ ಎಡಗೈ ಆಗ ತನ್ನ ಕೆಲಸ ಮುಂದುವರಿಸಿತು. ಉಳಿದ ಎಳೆಯನ್ನು ಸುತ್ತಿ, ಕಳಚಿ, ಮೂಲೆಯಲ್ಲಿ ಇಟ್ಟಿತು. ಈ ಸಲ ಅವಳೂ ಅದನ್ನು ನೋಡಿದಳು.

"ಇದನ್ನ ಮುಟ್ಟಾಕೆ ಬಿಡ್ತಿರ್ಲಿಲ್ಲ ಆಕಿ" ಎಂದಳು. "ನಂಗೆ ಕೊಡು ಅಂತ ಅಳ್ತಿದ್ದೆ. ಬ್ಯಾಡ, ಅದು ಬ್ಯಾರೇರ್ದು, ಬಂದು ತಗೊಂಡೋಗ್ತಾರೆ ಅಂತಿದ್ಲು. ಯಾರೂ ಬರ್ತಿರ್ಲಿಲ್ಲ. ಗುಬ್ಬಿ ತಿಂತಿದ್ವು."

ಅವನು ಉಂಗುರವನ್ನೇ ನೋಡುತ್ತಿದ್ದ.

"ಅದು ನಂದು" ಎಂದ. "ಯಾರ್ದೋ ಮದ್ವಿಯಾಗೆ ಉಂಗುರ ನೋಡಿ ನಂಗೂ ಬೇಕು ಅಂತ ಉಳ್ಳಾಡಿದ್ದೆ. ಆವತ್ತಿಂದ ಕೋಲಿಗೊಂದು ಉಂಗುರ ಮಾಡಿ ನಂಗೆ ಅಂತ ಇಡ್ತಿದ್ಲು. ಹಿಟ್ಟು ಹಾಳು ಮಾಡ್ತೀಯ ಅಂತ ನಮ್ಮವ್ವ ಬೈಯೋಳು."

ಅದನ್ನು ಎತ್ತಿಕೊಂಡ. ಅವನ ದಪ್ಪ ಬೆರಳಿನಲ್ಲಿ ಅದು ಉಗುರು ದಾಟಿ ಹೋಗಲಿಲ್ಲ. ತುದಿಯಲ್ಲೇ ನಿಂತಿತು.

ನಾನು ಕೇಳಬೇಕಾದ್ದನ್ನು ಕೇಳಿದೆ. "ಆಮೇಲೆ ಅವಳು ಏನಾದಳು?"

"ನಮ್ಮವ್ವ ಜ್ವರದಾಗೆ ಹೋದ್ಲು. ನನ್ನ ಮಾವನ ಮನಿಗೆ ಬಿಡಾಕೆ ಆಕೀನೇ ಬಂದ್ಲು. ದುರ್ಗದ ಬಸ್‌ಸ್ಟ್ಯಾಂಡಿನಾಗೆ ನಿಂತಿದ್ವಿ. ಒಂದು ಬಸ್ಸಿಂದು ಕಂಡಕ್ಟ್ರು 'ಹಿರೇಗುಂಟನೂರು, ಹಿರೇಗುಂಟನೂರು' ಅಂತ ಕೂಗ್ತಿದ್ದ. ಆಕಿ ನನ್ ಕೈ ಗಟ್ಟಿಯಾಗಿ ಹಿಡ್ಕಂಡ್ಲು. ನೋವಾತು. ನಾವು ಹೋಗೋ ಊರು ಇದಲ್ಲ ಚಿಗವ್ವ ಅಂದೆ. ಆ ಬಸ್ಸು ಹೋಗೋವರ್ಗೂ ಬಿಡ್ಲಿಲ್ಲ. ಆಮ್ಯಾಲೆ ಮದಕರಿಪುರಕ್ಕೆ ನಡ್ಕಂಡು ಹೋದ್ವಿ. ಮಾವನ ಮನಿ ಬಾಗ್ಲು ತೋರಿಸಿ, ಹೋಗಿ ಬಡಿ ಅಂದ್ಲು. ನೀನು ಬಾ ಅಂದ್ರೆ ಬರ್ಲಿಲ್ಲ. ನಮ್ಮತ್ತೆ ಬಾಗ್ಲು ತಗದ್ಲು. ತಿರುಗಿ ನೋಡಿದ್ರೆ ದಾರಿ ಖಾಲಿ."

"ತಗದ್ರಾ ಬಾಗ್ಲು?" ಎಂದ ಅವನು.

"ತಗದ್ರು."

ಅವನು ತಲೆಯಾಡಿಸಿದ. ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ತಿಳಿಯಲು ಬಂದವನಿಗೆ ಅದು ತಿಳಿಯಲಿಲ್ಲ. ಅವಳು ಒಂದು ದಿನ ಊರಿನ ಬಸ್ಸಿನ ಪಕ್ಕದಲ್ಲೇ ನಿಂತಿದ್ದಳು ಎಂದು ಮಾತ್ರ ತಿಳಿಯಿತು.

ಆಮೇಲೆ ಚೀಲ ಬಿಚ್ಚಿದ. ಒಂದು ಸೀರೆ, ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಎಲೆ ಅಡಿಕೆ. ತವರಿನವರು ಮಗಳ ಮಡಿಲು ತುಂಬುವ ಸಾಮಾನು.

"ಇದನ್ನ ವಾಪಸ್ ಒಯ್ಯೋ ಹಂಗಿಲ್ಲ" ಎಂದು ನನ್ನ ಕಡೆ ನೋಡಿದ. "ನೀವೇ ಮುಂದೆ ನಿಂತು ಈಕಿ ಮಡಿಲಿಗೆ ಹಾಕಿಸ್ತೀರಾ?"

ಮಡಿಲು ತುಂಬಿದ್ದು ತಮ್ಮನ ಹೆಂಡತಿ. ಹೊಸೆಯುವವಳು ಮಣೆಯಿಂದ ಇಳಿದು, ಕೈ ತೊಳೆದು, ಪೂರ್ವಕ್ಕೆ ಮುಖ ಮಾಡಿ ನಿಂತು ಸೆರಗು ಒಡ್ಡಿದಳು. ಅಕ್ಕಿ ಬಿತ್ತು, ಬೆಲ್ಲ ಬಿತ್ತು. ಸೆರಗಿನ ಅಂಚು ಹಿಡಿದಿದ್ದ ಅವಳ ಎಡಗೈಯನ್ನು ನಾನು ನೋಡುತ್ತಿದ್ದೆ. ಮಣೆಯಿಂದ ಇಳಿದಾಗಿತ್ತು, ಹಿಟ್ಟು ತೊಳೆದಾಗಿತ್ತು. ಆದರೂ ಕಿರುಬೆರಳು ನೆಟ್ಟಗೆ ನಿಂತಿತ್ತು. ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೆಗೂ ಅದು ಮಡಚಲಿಲ್ಲ. ಆಮೇಲೆ ಸಹಜವಾಗಿ ಬಾಗಿತು. ನಾನು ನೋಡಿದ್ದನ್ನು ಅವನೂ ನೋಡಿದ್ದ.

ಊಟ ಮಾಡಿ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ. "ಮೇಡಂ, ವಿಡಿಯೊ ತಗೀಬ್ಯಾಡ್ರಿ. ನಾನು ಕೇಳಿದ ಪ್ರಶ್ನೆ ಅಲ್ಲಿ ಹಂಗೇ ಉಳಿದೈತೆ. ಅದಕ್ಕೆ ಕೆಳಗೆ ಒಂದು ಉತ್ತರ ಬರೆಸ್ರಿ. ನನಿಗಲ್ಲ. ಹಿರಿಯೂರು ಕಡಿಯೋರು ಯಾರಾದ್ರೂ ನೋಡಿದ್ರೆ ಗೊತ್ತಾಗ್ಲಿ."

ಅವನು ಹೋದ ಮೇಲೆ ಹೊಸೆಯುವವಳು ಯಾರನ್ನೂ ಕೇಳದೆ ಮಣೆ ಏರಿದಳು. ನಾದಿದ ಹಿಟ್ಟು ಉಳಿದಿತ್ತು. ತಮ್ಮನ ಹೆಂಡತಿ ಕೆಳಗೆ ಕೂತಳು. ಬಿಸಿಲು ಇಳಿಯುವ ತನಕ ಕೋಲಿನ ಮೇಲೆ ಕೋಲು ತುಂಬಿದವು, ಮಣೆಯ ಮೂಲೆಯಲ್ಲಿ ಉಂಗುರಗಳು ಸಾಲಾದವು. ಸಂಜೆ ನಾನು ಮಣೆ ಒರೆಸುವಾಗ ಅವನ್ನು ಬಳಿದು ಬಿಸಾಡಲಿಲ್ಲ. ಎತ್ತಿ ಪಾರಾಪೆಟ್ಟಿನ ಮೇಲಿಟ್ಟೆ. ಆ ಹೊತ್ತಿಗೆ ಅಲ್ಲಿ ಒಂದು ಗುಬ್ಬಿಯೂ ಇರಲಿಲ್ಲ.

ಆರೂವರೆಗೆ ಸೈಬರಿಗೆ ಹೋದೆ, ಒಬ್ಬಳೇ. ಸೈಬರಿನವನು ವಿಡಿಯೊ ತೆರೆದುಕೊಟ್ಟ. ಬೆಳಕಿನಿಂದ ಕೈ ಇಳಿದು ಬಂತು. ನಾನು ಸದ್ದು ಕಡಿಮೆ ಮಾಡಿಸಿ, ಒಂದೊಂದೇ ಮಾತು ಹೇಳಿದೆ, ಅವನು ಒತ್ತುತ್ತ ಹೋದ.

'ಈ ಕೈಗೆ ಕಲಿಸಿದವರು ಹಿರಿಯೂರಿನ ನಾಲೆಯ ಪಕ್ಕದ ಗುಡಿಸಲಿನಲ್ಲಿದ್ದರು. ತವರು ಹಿರೇಗುಂಟನೂರಿನ ಕಡೆ. ಎಡಗೈ ಕಿರುಬೆರಳು ಮಡಚುವುದಿಲ್ಲ. ಈಗ ಅರವತ್ತರ ಹತ್ತಿರದ ವಯಸ್ಸು. ಗೊತ್ತಿದ್ದವರು ತಿಳಿಸಿ. ಉಂಗುರ ಅವರ ತಮ್ಮನಿಗೆ ಸಿಕ್ಕಿದೆ.'

"ಕಡೇ ಸಾಲು ಬೇಕಾ ಮೇಡಂ? ಯಾರಿಗೂ ಅರ್ಥ ಆಗಲ್ಲ."

"ಅರ್ಥ ಆಗಬೇಕಾದವರಿಗೆ ಆಗುತ್ತೆ. ಹಾಕು."

ಅವನು ಹಾಕಿದ. ಬರೆದದ್ದು ಪ್ರಶ್ನೆಯ ಕೆಳಗೆ ಬಂದು ಕೂತದ್ದನ್ನು ನೋಡಿದೆ, ಒಂದು ಸಲ ಓದಿ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಪರದೆಯ ಮೇಲೆ ಕೋಲು ತುಂಬಿತ್ತು, ಕೈ ಎಳೆಯನ್ನು ಬೆರಳಿಗೆ ಸುತ್ತುತ್ತಿತ್ತು. ಅದು ಉಂಗುರವನ್ನು ಮೂಲೆಯಲ್ಲಿ ಇಡುವ ತನಕ ಕಾದು, ಆರಿಸು ಎಂದೆ. ಅವನು ಆರಿಸಿದ. ಎದ್ದು ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿ ಹೊರಗೆ ಬಂದೆ.